ಸೇನೆಯ ಲೆಕ್ಕವನ್ನು ಕೇಳಬಾರದೇಕೆ?



ಕೊಪ್ಪಳದ ಗವಿಮಠದ ದಾರಿಯಲ್ಲಿ ಸಂಜೆಯ ತಿರುಗಾಟಕ್ಕೆ ಹೋಗುವ ನಾವು ನಾಲ್ಕೈದು ಮಂದಿ ನಿವೃತ್ತರಿದ್ದೇವೆ. ನಮ್ಮ ಮಾತು ಮಂಡಿನೋವಿನಿಂದ ಆರಂಭವಾಗಿ, ತುಂಗಭದ್ರಾ ಜಲಾಶಯದ ನೀರಿನ ಮಟ್ಟವನ್ನು ಹಾದು, ಕೊನೆಗೆ ದೇಶದ ರಾಜಕಾರಣಕ್ಕೆ ಬಂದು ನಿಲ್ಲುವುದು ವಾಡಿಕೆ. ಒಂದು ಸಂಜೆ ರಕ್ಷಣಾ ಇಲಾಖೆಯ ಖರ್ಚಿನ ಮಾತು ಬಂದಾಗ ಅವರಲ್ಲೊಬ್ಬರು, "ಮಾಸ್ತರ, ಎಲ್ಲಾದ್ರದ್ದೂ ಲೆಕ್ಕಾ ಕೇಳ್ರಿ, ಸೈನ್ಯದ ಲೆಕ್ಕಾ ಮಾತ್ರ ಕೇಳಬ್ಯಾಡ್ರಿ. ಅದು ದೇಶದ್ರೋಹ ಆಕೈತ್ರಿ" ಎಂದರು. ಉಳಿದವರು ತಲೆಯಾಡಿಸಿದರು. ದೂರದರ್ಶನದ ಚರ್ಚೆಗಳಲ್ಲಿಯೂ ಚುನಾವಣೆಯ ವೇದಿಕೆಗಳಲ್ಲಿಯೂ ಇದೇ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಇದು ಸೇನೆಯ ಮೇಲಿನ ಗೌರವದಿಂದ ಹುಟ್ಟಿದ ಮಾತೆಂದು ಹೇಳುವವರು ನಂಬಿರುತ್ತಾರೆ. ಇದರಿಂದ ಸೇನೆಗೇ ಕೇಡಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಇದಕ್ಕೆ ವಿರುದ್ಧವಾಗಿ ಬರೆಯಲೇಬೇಕಾಗಿದೆ.

ಯಾವ ಕ್ಷಿಪಣಿ ಎಲ್ಲಿದೆ, ಯಾವ ದಳ ಎತ್ತ ಹೊರಟಿದೆ ಎಂಬುದು ಗುಟ್ಟಾಗಿಯೇ ಇರಲಿ. ಅದನ್ನು ತಿಳಿಯುವ ಅಗತ್ಯ ನನಗಿಲ್ಲ. ಆದರೆ ಕೊಂಡ ವಸ್ತುವಿಗೆ ಕೊಟ್ಟ ಬೆಲೆಯೆಷ್ಟು, ಹೇಳಿದ ದಿನಕ್ಕೆ ಅದು ಬಂದಿತೇ, ಸಿಪಾಯಿಯ ಕೈಗೆ ಮುಟ್ಟಿತೇ ಎಂಬ ಮೂರು ಪ್ರಶ್ನೆಗಳು ಬೇರೆಯೇ ಜಾತಿಯವು. ಇವನ್ನೂ ಅವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿದಿಡುವ ಅಭ್ಯಾಸವನ್ನು ನಾವು ಬಿಡಬೇಕು.

1962ರಲ್ಲಿ ಚೀನಾ ಯುದ್ಧ ನಡೆದಾಗ ನಾನು ಹದಿನಾಲ್ಕರ ಹುಡುಗ. ಆಗ ರಾಷ್ಟ್ರೀಯ ರಕ್ಷಣಾ ನಿಧಿ ಸ್ಥಾಪನೆಯಾಯಿತು. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯ ಚಾವಡಿಯ ಮುಂದೆ ಒಂದು ಮೇಜು ಹಾಕಿದ್ದರು. ಬರಗಾಲದ ಊರು ನಮ್ಮದು, ಜೋಳದ ರೊಟ್ಟಿಗೇ ಲೆಕ್ಕ. ಆದರೂ ಹೆಂಗಸರು ಸರತಿಯಲ್ಲಿ ನಿಂತು ಕಾಲುಂಗುರ, ಬೆಳ್ಳಿಯ ಕಡಗ ಕೊಟ್ಟರು. ನನ್ನ ಅವ್ವ ತನ್ನ ಬೋರಮಾಳ ಸರದಿಂದ ನಾಲ್ಕು ಗುಂಡು ಬಿಚ್ಚಿ ಕೊಟ್ಟಳು. ಒಂದು ಚೀಟಿ ಬರೆದುಕೊಟ್ಟರು. ಅಕ್ಷರ ಬಾರದ ಅವ್ವ ಆ ಚೀಟಿಯನ್ನು ವರ್ಷಗಟ್ಟಲೆ ಟ್ರಂಕಿನಲ್ಲಿ ಕಾಪಾಡಿದಳು. ಎಂದೋ ಒಮ್ಮೆ, "ಮುಟ್ಟೈತೇನೋ ಅದು, ಆ ಹುಡುಗರಿಗೆ?" ಎಂದು ನನ್ನನ್ನು ಕೇಳಿದಳು. ಅವಳು ಕೇಳಿದ್ದು ದೇಶದ್ರೋಹವೇ? ಕೊಟ್ಟವಳಿಗೆ ಕೇಳುವ ಅಧಿಕಾರವಿರಲಿಲ್ಲವೇ?

ನಮ್ಮದು ಹೈದರಾಬಾದ್ ಸಂಸ್ಥಾನವಾಗಿದ್ದ ಸೀಮೆ. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರು. ಹೀಗಾಗಿ ನಿಜಾಮರ ಕಥೆಗಳು ನಮ್ಮಲ್ಲಿ ಇಂದಿಗೂ ಜೀವಂತ. ಅವುಗಳಲ್ಲೊಂದು, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1965ರಲ್ಲಿ ದೇಶದ ರಕ್ಷಣೆಗೆ 5,000 ಕಿಲೋ ಚಿನ್ನ ದಾನ ಮಾಡಿದರೆಂಬುದು. ಈ ಕಥೆಯನ್ನು ಶಾಲೆಗಳ ಭಾಷಣಗಳಲ್ಲಿ ಕೇಳಿದ್ದೇನೆ, ಈಗ ಮೊಮ್ಮಕ್ಕಳ ಮೊಬೈಲಿನಲ್ಲಿಯೂ ನೋಡುತ್ತಿದ್ದೇನೆ. ಈಚಿನ ವರ್ಷಗಳಲ್ಲಿ ಮಾಹಿತಿ ಹಕ್ಕಿನಡಿ ಒಬ್ಬರು ಅರ್ಜಿ ಹಾಕಿ ಕೇಳಿದಾಗ, ಪ್ರಧಾನಿ ಕಾರ್ಯಾಲಯದಿಂದ ನಡೆಯುವ ಆ ರಕ್ಷಣಾ ನಿಧಿಯವರು ಅಂಥ ದಾನದ ಮಾಹಿತಿಯೇ ತಮ್ಮಲ್ಲಿಲ್ಲವೆಂದು ಉತ್ತರಿಸಿದರು. ನಿಜಾಮರು ಮಾಡಿದ್ದು ದಾನವಲ್ಲ, ಹೂಡಿಕೆ. 425 ಕಿಲೋ ಚಿನ್ನವನ್ನು ಶೇ. 6.5ರ ಬಡ್ಡಿಯ ರಕ್ಷಣಾ ಚಿನ್ನದ ಬಾಂಡುಗಳಲ್ಲಿ ತೊಡಗಿಸಿದ್ದರು. ಅದೂ ದೇಶಕ್ಕೆ ಒದಗಿದ ಉಪಕಾರವೇ, ಸಂದೇಹವಿಲ್ಲ. ಆದರೆ ಅರ್ಧ ಶತಮಾನ ಒಂದು ಸುಳ್ಳು ಲೆಕ್ಕ ಊರೂರು ತಿರುಗಿತಲ್ಲ, ಅದನ್ನು ನಿಲ್ಲಿಸಲು ಬೇಕಾದದ್ದು ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ. ಅವ್ವನ ನಾಲ್ಕು ಗುಂಡುಗಳ ಕಥೆಯನ್ನು ಯಾರೂ ಹಿಗ್ಗಿಸಿ ಹೇಳಲಿಲ್ಲ!

ಈಗ ಇಂದಿನ ಹಣಕ್ಕೆ ಬರೋಣ. 2025-26ನೇ ಸಾಲಿನಲ್ಲಿ ಕೇಂದ್ರ ಸರಕಾರ ರಕ್ಷಣಾ ಇಲಾಖೆಗೆ ತೆಗೆದಿರಿಸಿದ್ದು 6,81,210 ಕೋಟಿ ರೂಪಾಯಿ. ಒಟ್ಟು ಬಜೆಟ್ಟಿನ ಶೇ. 13ಕ್ಕೂ ಹೆಚ್ಚು. ಭಾಗಾಕಾರ ಮಾಡಿದರೆ ದಿನವೊಂದಕ್ಕೆ ಸುಮಾರು 1,866 ಕೋಟಿ. ಇದರಲ್ಲಿ ಪಿಂಚಣಿಗೆ 1,60,795 ಕೋಟಿ, ಹೊಸ ಆಯುಧ ಮುಂತಾದ ಬಂಡವಾಳ ವೆಚ್ಚಕ್ಕೆ 1,80,000 ಕೋಟಿ. ಇಷ್ಟು ದೊಡ್ಡ ಮೊತ್ತಕ್ಕೆ ಒಪ್ಪಿಗೆ ಕೊಡುವುದು ಲೋಕಸಭೆ. ಹೇಗೆ ಕೊಡುತ್ತದೆ ಎಂಬುದನ್ನು ನೋಡಿ. ಬೇರೆ ಬೇರೆ ಇಲಾಖೆಗಳ ಬೇಡಿಕೆಗಳನ್ನು ಒಂದೊಂದಾಗಿ ಚರ್ಚಿಸಲು ಸಮಯ ಸಾಲದಾದಾಗ, ಉಳಿದುದನ್ನೆಲ್ಲ ಒಟ್ಟಿಗೆ ಕೂಡಿಸಿ ಮತಕ್ಕೆ ಹಾಕಿ ಮುಗಿಸುವ ಒಂದು ಪದ್ಧತಿಯಿದೆ. ಅದರ ಹೆಸರು ಗಿಲೋಟಿನ್, ಫ್ರಾನ್ಸಿನ ತಲೆ ಕಡಿಯುವ ಯಂತ್ರದ ಹೆಸರು! 2018ರ ಮಾರ್ಚಿನಲ್ಲಿ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಹೀಗೆಯೇ ಪಾರಾದವು. 2023ರ ಮಾರ್ಚಿನಲ್ಲಿ 45 ಲಕ್ಷ ಕೋಟಿಯ ಬಜೆಟ್ಟು ಕೂಡ ಹಾಗೆಯೇ ಪಾರಾಯಿತು. ಆ ಎರಡೂ ವರ್ಷ ರಕ್ಷಣಾ ಇಲಾಖೆಯ ಬೇಡಿಕೆಯ ಮೇಲೆ ಲೋಕಸಭೆ ಒಂದು ಗಂಟೆಯ ಚರ್ಚೆಯನ್ನೂ ಮಾಡಲಿಲ್ಲ.

ಇದಕ್ಕೆ ಪ್ರತಿಯಾಗಿ ನನ್ನಂಥ ಶಾಲಾ ಮಾಸ್ತರನ ಲೆಕ್ಕ ಹೇಗಿತ್ತು ಗೊತ್ತೇ? 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಆರಂಭವಾದಾಗ ಮೊದಲ ಸರದಿಯ ಏಳು ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಆಗ ನಾನು ಕುಷ್ಟಗಿ ತಾಲೂಕಿನ ಶಾಲೆಯೊಂದರ ಮುಖ್ಯೋಪಾಧ್ಯಾಯ. ಮಗುವಿಗೆ 100 ಗ್ರಾಂ ಅಕ್ಕಿ. ದಿನದ ಹಾಜರಿ, ಬೇಯಿಸಿದ ಅಕ್ಕಿ, ಉಳಿದ ಅಕ್ಕಿ, ತೊಗರಿಬೇಳೆ, ಎಣ್ಣೆ, ಉಪ್ಪು ಎಲ್ಲಕ್ಕೂ ಒಂದೊಂದು ಕಾಲಮ್ಮು. ಲೆಕ್ಕ ತಪಾಸಣೆಗೆ ಬಂದ ಅಧಿಕಾರಿ ಖಾಲಿ ಗೋಣಿಚೀಲಗಳನ್ನೂ ಎಣಿಸಿದರು. ಅವುಗಳನ್ನು ಮಾರಿದ ಹಣ ಯಾವ ದಿನಾಂಕದಂದು ಜಮೆಯಾಯಿತೆಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅದು ಮಕ್ಕಳ ಅನ್ನ, ಊರಿನವರ ತೆರಿಗೆ. ನಾನು ಕಳ್ಳನೆಂದು ಅವರು ಭಾವಿಸಿರಲಿಲ್ಲ, ನನಗೆ ಅವಮಾನವೂ ಆಗಲಿಲ್ಲ. ಚಹಾ ಕುಡಿದು ಸಹಿ ಹಾಕಿ ಹೋದರು. ಗೋಣಿಚೀಲ ಎಣಿಸಿದರೆ ಶಾಲೆಗೆ ದ್ರೋಹವಾಗದಿದ್ದಲ್ಲಿ ವಿಮಾನದ ಬೆಲೆ ಕೇಳಿದರೆ ದೇಶಕ್ಕೆ ದ್ರೋಹವಾಗುವುದು ಹೇಗೆ?

"ಅದೆಲ್ಲ ಪಾಶ್ಚಾತ್ಯರ ಪದ್ಧತಿ" ಎನ್ನುವವರಿಗೆ ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿಯನ್ನು ನೆನಪಿಸುತ್ತೇನೆ. ನದಿಯ ಆಚೆ ದಡದ ವಿಜಯನಗರದಲ್ಲಿ ಅಮರನಾಯಕರಿಗೆ ಭೂಮಿ ಕೊಡುತ್ತಿದ್ದದ್ದು ಇಂತಿಷ್ಟು ಕುದುರೆ, ಇಂತಿಷ್ಟು ಕಾಲಾಳು ಇಟ್ಟಿರಬೇಕೆಂಬ ಕರಾರಿನ ಮೇಲೆ. ಮಹಾನವಮಿಯ ಹಬ್ಬ ಮುಗಿದ ಮೇಲೆ ರಾಯರು ಸ್ವತಃ ಸೈನ್ಯದ ತಪಾಸಣೆ ಮಾಡುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಊರಿಗೆ ಊರೇ ನೋಡುತ್ತಿರುವಾಗ ಇಲ್ಲದ ಕುದುರೆಯನ್ನು ತೋರಿಸುವುದು ಯಾವ ನಾಯಕನಿಗೂ ಸುಲಭವಿರಲಿಕ್ಕಿಲ್ಲ.

ಗುಟ್ಟಿನಿಂದ ಸೇನೆಗಾದ ಹಾನಿಗೆ ಬೊಫೋರ್ಸ್‌ಗಿಂತ ದೊಡ್ಡ ಪಾಠವಿಲ್ಲ. ಕಿರಿಯ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. 1986ರ ಮಾರ್ಚಿನಲ್ಲಿ ಸ್ವೀಡನ್ನಿನ ಬೊಫೋರ್ಸ್ ಕಂಪನಿಯಿಂದ 1,437 ಕೋಟಿ ರೂಪಾಯಿಗೆ 410 ತೋಪುಗಳನ್ನು ಕೊಳ್ಳಲು ಒಪ್ಪಂದವಾಯಿತು. 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋ ಇದರಲ್ಲಿ ಲಂಚ ಸಂದಿದೆ ಎಂದು ಸುದ್ದಿ ಬಿತ್ತರಿಸಿತು. ನಮ್ಮ ತೋಪಿನ ಲೆಕ್ಕ ನಮಗೆ ತಿಳಿದದ್ದು ಪರದೇಶದ ರೇಡಿಯೋದಿಂದ! ತನಿಖೆಗಾಗಿ ನೇಮಕವಾದ ಜಂಟಿ ಸಂಸದೀಯ ಸಮಿತಿಗೆ ನಮ್ಮ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದರು ಅಧ್ಯಕ್ಷರು. ಪ್ರಮುಖ ವಿರೋಧ ಪಕ್ಷಗಳು ಅದನ್ನು ಬಹಿಷ್ಕರಿಸಿದವು. 1988ರಲ್ಲಿ ಬಂದ ಅದರ ವರದಿ ವ್ಯವಹಾರದಲ್ಲಿ ಕೊಳಕೇನೂ ಕಾಣಲಿಲ್ಲವೆಂದಿತು, ಜನ ನಂಬಲಿಲ್ಲ. ಮರುವರ್ಷ ಮಹಾಲೇಖಪಾಲರ, ಅಂದರೆ ಸಿಎಜಿಯ, ವರದಿ ಬಂತು. ತೋಪಿನ ಆಯ್ಕೆಯ ವಿಧಾನವನ್ನು ಅದು ಪ್ರಶ್ನಿಸಿತು. ವಿರೋಧ ಪಕ್ಷಗಳ ಸದಸ್ಯರು ಸಾಮೂಹಿಕವಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಆ ವರದಿ ಬರೆದ ಟಿ.ಎನ್. ಚತುರ್ವೇದಿಯವರ ಮೇಲೆ ಆಳುವ ಪಕ್ಷದವರು ಹರಿಹಾಯ್ದರು. ಅದೇ ಚತುರ್ವೇದಿಯವರು 2002ರಿಂದ 2007ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದರು ಎಂಬುದು ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು.

ಮುಂದೇನಾಯಿತು? 2004 ಮತ್ತು 2005ರಲ್ಲಿ ದೆಹಲಿ ಹೈಕೋರ್ಟು ಆರೋಪಗಳನ್ನು ರದ್ದುಪಡಿಸಿತು. ಲಂಚ ಯಾರ ಕೈ ಸೇರಿತೆಂಬುದು ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ಇತ್ತ 1999ರ ಕಾರ್ಗಿಲ್ ಯುದ್ಧದಲ್ಲಿ ಅದೇ ತೋಪುಗಳು ಶಿಖರಗಳ ಮೇಲಿನ ಶತ್ರುವನ್ನು ಕದಲಿಸಿದವು. "ನೋಡಿ, ತೋಪು ಎಷ್ಟು ಚೆನ್ನಾಗಿದೆ, ಸುಮ್ಮನೆ ಗಲಾಟೆ ಮಾಡಿದರು" ಎಂದು ಕೆಲವರು ಹೇಳುವುದುಂಟು. ತೋಪು ಚೆನ್ನಾಗಿಲ್ಲವೆಂದು ವಾದಿಸಿದವರಿಗೆ ಅದು ಉತ್ತರವಾಗಬಹುದು. ದಳ್ಳಾಳಿಗೆ ಹಣ ಏಕೆ ಹೋಯಿತು ಎಂದು ಕೇಳಿದವರಿಗೆ ಉತ್ತರವಲ್ಲ. ಅಂಗಡಿಯವ ಒಳ್ಳೆಯ ಬೇಳೆಯನ್ನೇ ಕೊಟ್ಟಿರಬಹುದು, ತೂಕ ಸರಿಯಿತ್ತೇ ಎಂಬುದು ಬೇರೆಯ ಮಾತು. ಇನ್ನೂ ದೊಡ್ಡ ನಷ್ಟ ಆಮೇಲೆ ಆಯಿತು. ಬೊಫೋರ್ಸಿನ ಭೂತಕ್ಕೆ ಹೆದರಿ ಕಡತಕ್ಕೆ ಸಹಿ ಹಾಕುವವರೇ ಇಲ್ಲದಂತಾಗಿ, ಸುಮಾರು ಮೂವತ್ತು ವರ್ಷ ನಮ್ಮ ಸೇನೆಗೆ ಅಂಥ ಹೊಸ ತೋಪು ಬರಲಿಲ್ಲ. ಅಮೆರಿಕದ ಎಂ-777 ತೋಪುಗಳ ಒಪ್ಪಂದವಾದದ್ದು 2016ರಲ್ಲಿ. ಆರಂಭದಲ್ಲಿಯೇ ಲೆಕ್ಕ ತೆರೆದಿಟ್ಟಿದ್ದರೆ ಒಂದು ವ್ಯವಹಾರದ ಕಳಂಕ ಒಂದು ವ್ಯವಹಾರಕ್ಕೇ ನಿಲ್ಲುತ್ತಿತ್ತು.

ಇದು ಒಂದೇ ಪಕ್ಷದ ಕಥೆಯಲ್ಲ. ಫ್ರಾನ್ಸಿನಿಂದ 36 ರಫೇಲ್ ವಿಮಾನ ಕೊಳ್ಳುವ ಒಪ್ಪಂದ 2016ರ ಸೆಪ್ಟೆಂಬರಿನಲ್ಲಿ ಆಯಿತು. ಮೊದಲಿನ 126 ವಿಮಾನಗಳ ಪ್ರಸ್ತಾವದಲ್ಲಿ 108ನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಬೇಕಿತ್ತು, ಹೊಸ ಒಪ್ಪಂದದಲ್ಲಿ ಅದು ಇಲ್ಲವಾಯಿತು. ಬೆಲೆ ಕೇಳಿದರೆ ಗುಟ್ಟು ಎಂದರು. 2018ರ ಡಿಸೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯ ತನಿಖೆಯ ಬೇಡಿಕೆಯನ್ನು ತಳ್ಳಿಹಾಕಿತು, 2019ರ ನವೆಂಬರಿನಲ್ಲಿ ಮರುಪರಿಶೀಲನೆಯ ಅರ್ಜಿಗಳನ್ನೂ ತಳ್ಳಿಹಾಕಿತು. ಆ ತೀರ್ಪನ್ನು ನಾನು ಪ್ರಶ್ನಿಸುತ್ತಿಲ್ಲ. ನನ್ನ ಗಮನ ಸೆಳೆದದ್ದು ಒಂದು ಕ್ರಿಯಾಪದ. ಮೊದಲ ತೀರ್ಪಿನಲ್ಲಿ, ಬೆಲೆಯ ಬಗೆಗಿನ ಸಿಎಜಿ ವರದಿಯನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿಯಾಗಿದೆ ಎಂಬರ್ಥದ ಮಾತಿತ್ತು. ಆಗ ಸಮಿತಿಯ ಅಧ್ಯಕ್ಷರು ನಮ್ಮ ಕಲಬುರಗಿಯ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು. ಅಂಥ ವರದಿ ತಮ್ಮ ಮುಂದೆ ಬಂದೇ ಇಲ್ಲವೆಂದು ಅವರು ಹೇಳಿದರು. ಬರುವುದಾದರೂ ಹೇಗೆ, ಅದಿನ್ನೂ ಮಂಡನೆಯೇ ಆಗಿರಲಿಲ್ಲ! ಮರುದಿನವೇ ಸರಕಾರ ತಿದ್ದುಪಡಿಗೆ ಅರ್ಜಿ ಹಾಕಿತು. ತಾವು ಮುಚ್ಚಿದ ಲಕೋಟೆಯಲ್ಲಿ ಬರೆದದ್ದು 'ಪರಿಶೀಲಿಸಲಾಗುತ್ತದೆ' ಎಂಬ ಸಾಮಾನ್ಯ ಪದ್ಧತಿಯ ಮಾತು, ನ್ಯಾಯಾಲಯ ಅದನ್ನು 'ಪರಿಶೀಲಿಸಲಾಗಿದೆ' ಎಂದು ಗ್ರಹಿಸಿತು ಎಂಬುದು ಅದರ ವಿವರಣೆ. ಮೂವತ್ತೈದು ವರ್ಷ ಮಕ್ಕಳಿಗೆ ಕಾಲಗಳ ವ್ಯತ್ಯಾಸ ಕಲಿಸಿದ ನನಗೆ ಆ ದಿನದ ಪತ್ರಿಕೆ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಕೋಟೆ ತೆರೆದಿದ್ದರೆ ಎದುರು ಪಕ್ಷದ ವಕೀಲರು ಅಲ್ಲಿಯೇ ಎದ್ದು ನಿಂತು ತಿದ್ದುತ್ತಿದ್ದರು.

ಕೊನೆಗೆ 2019ರ ಫೆಬ್ರವರಿ 13ರಂದು ಸಿಎಜಿ ವರದಿ ಮಂಡನೆಯಾಯಿತು. ಹೊಸ ಒಪ್ಪಂದ ಹಳೆಯ ಪ್ರಸ್ತಾವಕ್ಕಿಂತ ಶೇ. 2.86ರಷ್ಟು ಅಗ್ಗವೆಂದು ಅದು ಹೇಳಿತು. ಆದರೆ ರಕ್ಷಣಾ ಸಚಿವಾಲಯದ ಒತ್ತಾಯದಂತೆ ಬೆಲೆಯ ಅಂಕಿಗಳನ್ನು ಮರೆಮಾಡಲಾಗಿತ್ತು. ಉತ್ತರ ಬರೆದು ಲೆಕ್ಕದ ಹಂತಗಳನ್ನು ಅಳಿಸಿದ ಹುಡುಗನಿಗೆ ನಾನೆಂದೂ ಪೂರ್ಣ ಅಂಕ ಕೊಟ್ಟವನಲ್ಲ. ಉತ್ತರ ಸರಿಯೇ ಇರಬಹುದು, ಸರಿಯೆಂದು ನಾನು ತಿಳಿಯುವ ಬಗೆ ಹೇಗೆ?

ಲೆಕ್ಕ ಕೇಳಿದರೆ ಸೈನಿಕರ ಮನಸ್ಸು ಕುಗ್ಗುತ್ತದೆಯೆಂಬ ಮಾತೊಂದಿದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಪಾತದಲ್ಲಿ ಆರು ದಿನ ಹೂತುಹೋಗಿ ಜೀವಂತವಾಗಿ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರು ಬದುಕಲೆಂದು ನಮ್ಮ ಊರುಗಳ ಗುಡಿಗಳಲ್ಲಿ, ದರ್ಗಾಗಳಲ್ಲಿ ಪ್ರಾರ್ಥನೆ ನಡೆದದ್ದು ನನಗೆ ನೆನಪಿದೆ. ಫೆಬ್ರವರಿ 11ರಂದು ಅವರು ತೀರಿಕೊಂಡರು. ಅದು ಪ್ರಕೃತಿಯ ಹೊಡೆತ, ಅದಕ್ಕೂ ಖರೀದಿಗೂ ನಾನು ಗಂಟು ಹಾಕುವುದಿಲ್ಲ. ಆದರೆ ಅಂಥ ಎತ್ತರದಲ್ಲಿ ನಿಲ್ಲುವ ಹುಡುಗರ ಬಟ್ಟೆಬರೆ, ಆಹಾರಗಳ ಬಗ್ಗೆ ಸಿಎಜಿ ತಪಾಸಣೆ ನಡೆಸಿತು. 2020ರ ಫೆಬ್ರವರಿಯಲ್ಲಿ ಮಂಡನೆಯಾದ ಆ ವರದಿಯಲ್ಲಿ ಹಿಮಗನ್ನಡಕಗಳ ಕೊರತೆ, ಬೂಟುಗಳು ಸಕಾಲಕ್ಕೆ ಬಾರದೆ ಹಳೆಯವನ್ನೇ ಮರುಬಳಸಬೇಕಾದದ್ದು, ಬದಲಿ ಆಹಾರದಿಂದ ಪೌಷ್ಟಿಕತೆ ಕಡಿಮೆಯಾದದ್ದು ಎಲ್ಲವೂ ದಾಖಲಾಗಿವೆ. ಅದು ಹಿಂದಿನ ವರ್ಷಗಳ ಸ್ಥಿತಿ, ಈಗ ಸರಿಪಡಿಸಲಾಗಿದೆ ಎಂದು ಸೇನೆ ಉತ್ತರಿಸಿತು. ಸಂತೋಷ. ಹಾಗಾದರೆ ಆ ಬೂಟಿನ ಲೆಕ್ಕ ಕೇಳಿದ ಲೆಕ್ಕಿಗ ಯಾರ ಪರವಾಗಿದ್ದ? ಸೇನೆಯಿಂದ ನಿವೃತ್ತನಾಗಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇದನ್ನು ಹೇಳಿದಾಗ ಅವನೆಂದದ್ದು: "ಸರ್, ಲೆಕ್ಕಾ ಕೇಳಿದ್ರ ನಮಗ್ಯಾಕ ಸಿಟ್ಟು ಬರತೈತ್ರಿ? ಕೇಳೋರು ಯಾರೂ ಇಲ್ಲಂದ್ರ ಭಯ ಆಕೈತ್ರಿ."

ವಿಚಿತ್ರವೆಂದರೆ ಇಂಥ ವರದಿಗಳು ಜನಸಾಮಾನ್ಯರಿಗೆ ದೂರವಾದವು. 2017ರ ಜುಲೈನಲ್ಲಿ ಬಂದ ಸಿಎಜಿ ವರದಿ, ಸೇನೆಯ ಮದ್ದುಗುಂಡುಗಳಲ್ಲಿ ಶೇ. 40ರಷ್ಟು ಬಗೆಗಳು ಯುದ್ಧದ ಹತ್ತು ದಿನಕ್ಕೂ ಸಾಲವು ಎಂದಿತ್ತು. ದೊಡ್ಡ ಸುದ್ದಿಯಾಯಿತು. ಆನಂತರ ರಕ್ಷಣಾ ವರದಿಗಳನ್ನು ಜಾಲತಾಣದಲ್ಲಿ ಹಾಕುವುದಕ್ಕೆ ತಡೆ ಬಿತ್ತು. ವಾಷಿಂಗ್ಟನ್ನಿನಲ್ಲೋ ಬೀಜಿಂಗಿನಲ್ಲೋ ಕುಳಿತವರು ನೋಡುತ್ತಿರಬಹುದೆಂದು ಯೋಚಿಸಿಯೇ ಈ ನಿರ್ಧಾರ ಕೈಗೊಂಡದ್ದಾಗಿ 2020ರಲ್ಲಿ ಆಗಿನ ಮಹಾಲೇಖಪಾಲ ರಾಜೀವ್ ಮೆಹ್ರಿಷಿಯವರು ಹೇಳಿದರು. ಮದ್ದುಗುಂಡಿನ ದಾಸ್ತಾನಿನ ಮಟ್ಟಿಗೆ ಅವರ ಅಳುಕಿನಲ್ಲಿ ಅರ್ಥವಿದೆಯೆಂದು ನಾನೂ ಒಪ್ಪುತ್ತೇನೆ. ಆ ಅಂಕಿಗಳನ್ನು ಸಂಸದೀಯ ಸಮಿತಿ ಬಾಗಿಲು ಮುಚ್ಚಿಕೊಂಡು ನೋಡಲಿ. ಹಿಮಗನ್ನಡಕದ ಕೊರತೆಯೂ ಬೀಜಿಂಗಿಗೆ ರಹಸ್ಯವೇ? ಸಂಸತ್ತಿನಲ್ಲಿ ಮಂಡಿಸಿದ ಮುದ್ರಿತ ಪ್ರತಿ ದೆಹಲಿಯಲ್ಲಿರುವ ರಾಯಭಾರ ಕಚೇರಿಗಳಿಗೆ ಸಿಗುವುದು ಕಷ್ಟವಲ್ಲ. ಸಿಗದಿರುವುದು ಕುಷ್ಟಗಿಯ ಓದುಗನಿಗೆ.

ನೆರೆಯ ಪಾಕಿಸ್ತಾನದಲ್ಲಿ 1965ರಿಂದ 2008ರವರೆಗೆ ರಕ್ಷಣಾ ವೆಚ್ಚವೆಂದರೆ ಬಜೆಟ್ಟಿನಲ್ಲಿ ಒಂದೇ ಸಾಲು, ವಿವರಗಳಿಲ್ಲ. ಅದರಿಂದ ಆ ದೇಶ ಬಲವಾಯಿತೆಂದು ಯಾರೂ ಹೇಳಲಾರರು. ಅತ್ತ ಅಮೆರಿಕದ ರಕ್ಷಣಾ ಇಲಾಖೆ 2018ರಲ್ಲಿ ಮೊದಲ ಬಾರಿಗೆ ಪೂರ್ಣ ಲೆಕ್ಕಪರಿಶೋಧನೆಗೆ ಒಳಗಾಗಿ ನಪಾಸಾಯಿತು. 2024ರವರೆಗೆ ಏಳು ಸಲ ನಪಾಸಾಯಿತು. ಪ್ರತಿ ಸಲವೂ ಅಂಕಪಟ್ಟಿಯನ್ನು ಜಗತ್ತಿಗೇ ಪ್ರಕಟಿಸಿತು. ಅದರಿಂದ ಅದರ ವಿಮಾನಗಳೇನೂ ನೆಲಕ್ಕೆ ಬೀಳಲಿಲ್ಲ.

ನಮ್ಮ ರಾಜ್ಯದ ಹೆಮ್ಮೆಯ ತೇಜಸ್ ವಿಮಾನದ ಮಾತನ್ನೂ ಹೇಳಬೇಕು. 1983ರಲ್ಲಿ 560 ಕೋಟಿಗೆ ಮಂಜೂರಾದ ಯೋಜನೆ, ಬೆಂಗಳೂರಿನಲ್ಲಿ ಮೊದಲು ಹಾರಿದ್ದು 2001ರ ಜನವರಿ 4ರಂದು, ಅಂತಿಮ ಅನುಮತಿ ಪಡೆದದ್ದು 2019ರಲ್ಲಿ. 2015ರ ಸಿಎಜಿ ವರದಿ ಅದರಲ್ಲಿ 53 ಕೊರತೆಗಳನ್ನು ಗುರುತಿಸಿತು. 2021ರಲ್ಲಿ ಕರಾರಾದ 83 ಹೊಸ ತೇಜಸ್‌ಗಳು 2024ರಿಂದ ಬರಬೇಕಿತ್ತು, ಬರಲಿಲ್ಲ. 2025ರಲ್ಲಿ ವಾಯುಸೇನೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರೇ, ತಮಗೆ ನೆನಪಿರುವಂತೆ ಒಂದು ಯೋಜನೆಯೂ ಸಕಾಲಕ್ಕೆ ಮುಗಿದಿಲ್ಲವೆಂದು ಸಭೆಯಲ್ಲಿ ಬಹಿರಂಗವಾಗಿ ಹೇಳಿದರು. ಅವರನ್ನೂ ದೇಶದ್ರೋಹಿ ಎನ್ನೋಣವೇ?

ಹಣದಷ್ಟೇ ನೆಲವೂ ಸಾರ್ವಜನಿಕ ಸೊತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು ಹುಲ್ಲುಗಾವಲು ಮಂಜೂರಾದದ್ದು ದೊಡ್ಡಉಳ್ಳಾರ್ತಿಯ ಸುತ್ತಿನ ಕುರಿಗಾಹಿಗಳಿಗೆ ತಿಳಿದದ್ದು ಗೋಡೆ ಏಳತೊಡಗಿದಾಗ. ಹಸಿರು ನ್ಯಾಯಮಂಡಳಿಯ ಬಾಗಿಲು ಬಡಿದರೂ 2014ರಲ್ಲಿ ಷರತ್ತುಗಳೊಂದಿಗೆ ಕೆಲಸ ಮುಂದುವರಿಯಿತು. ಮೈಸೂರಿನ ಸೈನ್ಯದ ತೋಪುಗಾಡಿ ಎಳೆದ ಎತ್ತುಗಳ ತಳಿಗೆಂದು ಮೀಸಲಾಗಿದ್ದ ಕಾವಲು ಅದು! ಡಿಆರ್‌ಡಿಒ ಮಾಹಿತಿ ಹಕ್ಕು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕುಗಳ ಆರೋಪವಿದ್ದರೆ ಮಾತ್ರ ಅದನ್ನು ಪ್ರಶ್ನಿಸಬಹುದು. ಕುರಿ ಎಲ್ಲಿ ಮೇಯಬೇಕು ಎಂಬ ಪ್ರಶ್ನೆ ಆ ಎರಡರಲ್ಲಿ ಯಾವುದಕ್ಕೂ ಸೇರದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಕಾನೂನು ಹೊಸದಾಗಿ ಬೇಕಿಲ್ಲ. ಸಾರ್ವಜನಿಕ ಹಿತ ದೊಡ್ಡದಾದಲ್ಲಿ ರಹಸ್ಯದ ಮಾಹಿತಿಯನ್ನೂ ಕೊಡಬಹುದೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ವಿಧಿಯೇ ಹೇಳುತ್ತದೆ. 1993ರಿಂದ ರಕ್ಷಣೆಗೊಂದು ಸಂಸದೀಯ ಸ್ಥಾಯಿ ಸಮಿತಿಯಿದೆ. ಬೇಕಾದದ್ದು ಕೇಳುವ ಸಂಸದರು. ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಸಿಂಧನೂರು, ಮಸ್ಕಿ, ಸಿರಗುಪ್ಪ ಸೇರಿ ಒಬ್ಬರನ್ನು ನಾವು ಲೋಕಸಭೆಗೆ ಕಳಿಸುತ್ತೇವೆ. ಯಾವ ಪಕ್ಷದವರೇ ಇರಲಿ, ಅವರಿಗೆ ಒಂದು ಕಾಗದ ಬರೆದು ಎರಡೇ ಪ್ರಶ್ನೆ ಕೇಳಿ. ರಕ್ಷಣಾ ಇಲಾಖೆಯ ಬೇಡಿಕೆ ಬಂದಾಗ ಚರ್ಚೆಗೆ ನೀವು ಒತ್ತಾಯಿಸಿದ್ದೀರಾ? ಸಿಎಜಿಯ ರಕ್ಷಣಾ ವರದಿಗಳೆಲ್ಲ ಜನರಿಗೆ ಓದಲು ಸಿಗಬೇಕೆಂದು ಸದನದಲ್ಲಿ ಕೇಳುವಿರಾ? ವಿಳಾಸ ಲೋಕಸಭೆಯ ಜಾಲತಾಣದಲ್ಲಿದೆ. ಕನ್ನಡದಲ್ಲಿಯೇ ಬರೆಯಿರಿ, ನಾನೂ ಹಾಗೆಯೇ ಬರೆದಿದ್ದೇನೆ.